ಓದುಗರ ಪ್ರಶ್ನೆ: ಮಲ್ಪೆಯಲ್ಲಿ ಏನು ತಿನ್ನೋದು ಮಾರಾಯ್ರೆ?

ಹೋದ ಸಂಚಿಕೆಯಲ್ಲಿ ಮಲ್ಪೆ ಬಗ್ಗೆ ಒಂದು ಪ್ಯಾರಾ ಬರ್ದಿದ್ದೆ, ಅಲೆ ಮರಳು ಸೂರ್ಯಾಸ್ತ ಅಂತ ಏನೋ ಒಂದಿಷ್ಟು, ಕೊನೆಗೆ ಎರಡೇ ಎರಡು ಸಾಲು ಊಟದ ಬಗ್ಗೆ. ಬಂದ ಪತ್ರಗಳಲ್ಲಿ ಸೂರ್ಯಾಸ್ತದ ಬಗ್ಗೆ ಕೇಳಿದವರು ಒಬ್ಬರೂ ಇಲ್ಲ, ಎಲ್ಲರದ್ದೂ ಹೊಟ್ಟೆಯ ಪ್ರಶ್ನೆಯೇ. ಒಳ್ಳೇದಾಯ್ತು ಬಿಡಿ, ನಂಗೂ ಅದೇ ಇಷ್ಟ. ಈ ಸಲ ಪೂರ್ತಿ ಜಾಗ ಅದಕ್ಕೇ ಕೊಟ್ಟಿದ್ದೇನೆ. ಒಂದು ಪತ್ರದಲ್ಲಿ ನಂಗೆ ಸರಿಯಾಗಿ ಬೈದಿದ್ದಾರೆ, ಅದನ್ನ ಕೊನೆಗೆ ಇಟ್ಟಿದ್ದೇನೆ.

ಡಿಸೆಂಬರ್ ರಜೆಗೆ ನಾವು ಐದು ಜನ ಎರಡು ದಿನಕ್ಕೆ ಮಲ್ಪೆಗೆ ಹೊರಟಿದೀವಿ, ಅದರಲ್ಲಿ ಇಬ್ಬರು ಚಿಕ್ಕ ಮಕ್ಕಳು, ಜೊತೆಗೆ ನಮ್ಮ ತಾಯಿ. ಮನೇಲಿ ಯಾರೂ ಸಮುದ್ರ ನೋಡಿಲ್ಲ. ತಿಂಡಿ ಊಟ ಏನು ಮಾಡ್ಬೇಕು ಎಲ್ಲಿಂದ ಶುರು ಮಾಡ್ಬೇಕು ಸ್ವಲ್ಪ ಲೈನಾಗಿ ಹೇಳಿ ಸಾರ್.
(ಓದುಗರು, ದಾವಣಗೆರೆ)

ಲೈನಾಗಿ ಹೇಳೋದು ನಂಗೆ ಬರೋದಿಲ್ಲ, ಆದ್ರೂ ನೋಡುವ. ನೀವು ಶಿವಮೊಗ್ಗ ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿದು ಹೆಬ್ರಿ ಮೇಲೆ ಬರ್ತೀರಿ ಅಂತ ಇಟ್ಕೊಳ್ಳುವ. ಮಕ್ಕಳಿಗೆ ಘಾಟಿ ಮುಂಚೆ ಹೊಟ್ಟೆ ತುಂಬ ಏನೂ ಕೊಡ್ಬೇಡಿ, ಆ ತಿರುವುಗಳಲ್ಲಿ ಎಲ್ಲ ವಾಪಸ್ ಬರ್ತದೆ. ಕೆಳಗೆ ಇಳಿದ ಮೇಲೆ ಸೆಕೆ ಅಂದ್ರೆ ಏನು ಅಂತ ಗೊತ್ತಾಗ್ತದೆ, ಡಿಸೆಂಬರ್ ಆದ್ರೂ ಹಗಲಿಗೆ ಬೆವರು ನಿಲ್ಲೋದಿಲ್ಲ, ಅದಕ್ಕೆ ಮೊದಲ ಕೆಲಸ ರಸ್ತೆ ಬದಿ ಗಾಡಿ ನಿಲ್ಲಿಸಿ ಎಲ್ಲರೂ ಒಂದೊಂದು ಬೊಂಡ ಕುಡೀರಿ. ಹಾ, ನಮ್ಮಲ್ಲಿ ಬೊಂಡ ಅಂದ್ರೆ ಎಳನೀರು. ನಮ್ಮ ಒಬ್ಬ ಬೆಂಗಳೂರಿನ ನೆಂಟರು ಬೋರ್ಡ್ ನೋಡಿ ಚಟ್ನಿ ಉಂಟಾ ಅಂತ ಕೇಳಿದ್ರು, ಅಂಗಡಿಯವ ಇವತ್ತಿಗೂ ಅದನ್ನ ಹೇಳಿ ನಗ್ತಾನೆ.

ಮೊದಲ ದಿನ ಬೆಳಿಗ್ಗೆ ತಿಂಡಿ ಉಡುಪಿಯಲ್ಲೇ ಮುಗಿಸಿ, ಅಲ್ಲಿಂದ ಮಲ್ಪೆಗೆ ಬರೀ ಆರು ಕಿಲೋಮೀಟರ್ ಹತ್ರ, ಸಿಟಿ ಬಸ್ಸು ಸುಮಾರು ಉಂಟು. ತಿಂಡಿಗೆ ಇಡ್ಲಿ ವಡೆ ನಿಮ್ಮೂರಲ್ಲೂ ಸಿಗ್ತದೆ, ನೀವು ಬನ್ಸ್ ತಗೊಳ್ಳಿ. ಬೇಕರಿ ಬನ್ ಅಲ್ಲ ಇದು, ಕಳಿತ ಬಾಳೆಹಣ್ಣು ಮೈದಾ ಮೊಸರು ಕಲಸಿ ರಾತ್ರಿ ಇಟ್ಟು ಬೆಳಿಗ್ಗೆ ಪೂರಿ ತರ ಕರೀತಾರೆ, ಸ್ವಲ್ಪ ಸಿಹಿ, ಉಬ್ಬಿ ಒಳಗೆ ಜಾಲಿ ಜಾಲಿ. ಮಕ್ಕಳು ಮೊದಲ ತುತ್ತಿಗೇ ನಿಮ್ಮ ಪ್ಲೇಟಿಗೂ ಕೈ ಹಾಕ್ತಾರೆ. ನೀರ್ ದೋಸೆ ಸಿಕ್ಕಿದ್ರೆ ಅವರಿಗೆ ಕಾಯಿ ಬೆಲ್ಲ ಜೊತೆಗೆ ಕೊಡ್ಸಿ, ಉದ್ದು ಇಲ್ಲ, ಹುದುಗಿಸೋದಿಲ್ಲ, ಅಕ್ಕಿ ನೀರು ನೀರಾಗಿ ರುಬ್ಬಿ ಒಂದೇ ಬದಿ ಬೇಯಿಸಿ ಮಡಚಿ ಹಾಕ್ತಾರೆ. ನಿಮ್ಮ ತಾಯಿಯ ವಯಸ್ಸಿನವರಿಗೂ ಹಗುರ.

ಮಧ್ಯಾಹ್ನದ್ದು ಮುಖ್ಯ. ಮೀನಿನ ಹೋಟ್ಲಿಗೆ ಹೋದ ಕೂಡ್ಲೇ ಮೆನು ಕಾರ್ಡ್ ಹಿಡಿದು ಕೂರ್ಬೇಡಿ. ಸಪ್ಲೈ ಮಾಡುವವನ ಹತ್ರ "ಇವತ್ತು ಯಾವ ಮೀನು ಬಂದಿದೆ" ಅಂತ ಕೇಳಿ. ಕಾರ್ಡಿನಲ್ಲಿ ಮೂವತ್ತು ಹೆಸ್ರು ಇರಬಹುದು, ಅವತ್ತು ಬೆಳಿಗ್ಗೆ ಬಂದರಿನಿಂದ ಬಂದದ್ದು ನಾಲ್ಕೋ ಐದೋ, ಉಳಿದದ್ದು ಫ್ರಿಜ್ಜಿನದ್ದು. ಊರವರು ಯಾರೂ ಕಾರ್ಡ್ ನೋಡೋದಿಲ್ಲ, ಬಾಗಿಲಲ್ಲೇ ಕೇಳ್ತಾರೆ. ಆಮೇಲೆ ಅವ ನಿಮ್ಮನ್ನ ಎರಡು ಪ್ರಶ್ನೆ ಕೇಳ್ತಾನೆ. ಒಂದು, ಕುಚ್ಚಲಾ ಬೆಳ್ತಿಗೆಯಾ. ಕುಚ್ಚಲು ಅಂದ್ರೆ ಭತ್ತ ಬೇಯಿಸಿ ಒಣಗಿಸಿ ಮಾಡಿದ ಕೆಂಪು ದಪ್ಪ ಅಕ್ಕಿ, ಬೆಳ್ತಿಗೆ ಅಂದ್ರೆ ನೀವು ದಿನಾ ತಿನ್ನುವ ಬಿಳಿ ಅನ್ನ. ಮೀನ್ ಸಾರಿಗೆ ಕುಚ್ಚಲೇ ಸರಿ, ಆದ್ರೆ ರೂಢಿ ಇಲ್ಲದವರು ಮೊದಲು ಅರ್ಧ ಹಾಕಿಸ್ಕೊಳ್ಳಿ. ಎರಡನೇ ಪ್ರಶ್ನೆ, ಮೀನ್ ಸಾರಾ ಸಾಂಬಾರಾ. ಇದು ಊಟದ ಜೊತೆಗೇ ಬರೋದು, ಫ್ರೈ ಮಾತ್ರ ಬೇರೆ ಲೆಕ್ಕ.

ಇನ್ನು ಯಾವ ಮೀನು ಅಂದ್ರೆ, ಹೊರಗಿನಿಂದ ಬಂದವರೆಲ್ಲ ಅಂಜಲ್ ಮತ್ತೆ ಪಾಂಪ್ಲೆಟ್ ಅಂತ ಎರಡೇ ಹೆಸ್ರು ಕಲ್ತು ಬರ್ತಾರೆ. ತಿನ್ನಿ, ಬೇಡ ಅಂತ ನಾನು ಹೇಳೋದಿಲ್ಲ, ದುಡ್ಡು ನಿಮ್ದು. ಆದ್ರೆ ಈ ಕರಾವಳಿ ನಿಂತಿರೋದು ಬಂಗುಡೆ ಮತ್ತೆ ಬೂತಾಯಿ ಮೇಲೆ ಮಾರಾಯ್ರೆ. ಮಳೆಗಾಲ ಕಳೆದ ಮೇಲೆ ಬರುವ ಬೂತಾಯಿಯಲ್ಲಿ ಎಣ್ಣೆ ತುಂಬಿರ್ತದೆ, ಕಾವಲಿ ಮೇಲೆ ಹಾಕಿದ್ರೆ ಅದರದ್ದೇ ಎಣ್ಣೆಯಲ್ಲಿ ಅದು ಬೇಯ್ತದೆ, ಪಕ್ಕದ ಮನೆಗೆ ಪರಿಮಳ ಹೋಗ್ತದೆ. ಬಂಗುಡೆ ಪುಳಿಮುಂಚಿ ಅಂತೂ ಒಂದು ಹೊತ್ತು ತಿನ್ಲೇಬೇಕು, ತುಳುವಿನಲ್ಲಿ ಪುಳಿ ಅಂದ್ರೆ ಹುಳಿ, ಮುಂಚಿ ಅಂದ್ರೆ ಮೆಣಸು, ಹೆಸರಲ್ಲೇ ಪೂರ್ತಿ ಅಡುಗೆ ಉಂಟು. ಮಕ್ಕಳಿಗೆ ಖಾರ ಆಗ್ತದೆ, ಅವರಿಗೆ ಕಾಣೆ ರವಾ ಫ್ರೈ ಹೇಳಿ. ಕಾಣೆ ಅಂದ್ರೆ ಉದ್ದಕ್ಕೆ ತೆಳ್ಳಗೆ ಇರ್ತದೆ, ಬೆಳ್ಳಗೆ ಮೃದು ಮಾಂಸ, ನಡು ಮುಳ್ಳು ತೆಗೆದ್ರೆ ಮುಗೀತು.

ಸಂಜೆ ಬೀಚಲ್ಲಿ ಚುರುಮುರಿ ಗೋಳಿಬಜೆ ನಿಮ್ಮಷ್ಟಕ್ಕೆ ಸಿಗ್ತದೆ. ರಾತ್ರಿ ಉಡುಪಿಗೆ ವಾಪಸ್ ಬಂದ್ರೆ ಒಂದು ಗಡ್‌ಬಡ್ ಐಸ್‌ಕ್ರೀಮ್, ಉದ್ದ ಗ್ಲಾಸಲ್ಲಿ ಎರಡು ಮೂರು ಬಗೆ ಐಸ್‌ಕ್ರೀಮ್ ಜೆಲ್ಲಿ ಹಣ್ಣು ಗೋಡಂಬಿ ಎಲ್ಲ ಒಂದರ ಮೇಲೆ ಒಂದು. ಹುಟ್ಟಿದ್ದು ಉಡುಪಿಯಲ್ಲೇ ಅಂತ ನಮ್ಮವರ ಹೆಮ್ಮೆ. ಇಬ್ಬರು ಮಕ್ಕಳಿಗೆ ಒಂದೇ ಸಾಕು, ಆದ್ರೆ ಒಂದೇ ತಗೊಂಡ್ರೆ ಜಗಳ ಆಗ್ತದೆ.

ನಮ್ಮೆಜಮಾನ್ರು ಮೀನು ಅಂದ್ರೆ ಪ್ರಾಣ ಬಿಡ್ತಾರೆ, ನಾನು ಮೊಟ್ಟೆನೂ ಮುಟ್ಟಲ್ಲ ಕಣ್ರಿ. ಅವರ ಜೊತೆ ಬೀಚಿಗೆ ಹೋದಾಗೆಲ್ಲ ನಂಗೆ ಬರೀ ಗೋಬಿ ಮಂಚೂರಿ ಮತ್ತೆ ಫ್ರೈಡ್ ರೈಸು. ಮಲ್ಪೆಯಲ್ಲಾದ್ರೂ ನಂಗೆ ಏನಾದ್ರೂ ಗತಿ ಇದ್ಯಾ?
(ಓದುಗರು, ಮೈಸೂರು)

ಅಕ್ಕಾ, ನೀವು ಈ ಪ್ರಶ್ನೆ ಬೇರೆ ಯಾವ ಬೀಚ್ ಊರಿನ ಬಗ್ಗೆ ಕೇಳಿದ್ರೂ ನಾನು ಪಾಪ ಅಂತಿದ್ದೆ. ಉಡುಪಿಯ ಪಕ್ಕ ನಿಂತು ಸಸ್ಯಾಹಾರಿಗೆ ಗತಿ ಉಂಟಾ ಅಂತ ಕೇಳ್ತೀರಲ್ಲ! ನಿಜ ಹೇಳ್ಬೇಕಾದ್ರೆ ಗತಿ ಇಲ್ಲದ್ದು ನಿಮ್ಮೆಜಮಾನ್ರಿಗೆ, ಅವರು ಒಂದೇ ನಮೂನೆ ತಿಂದು ವಾಪಸ್ ಹೋಗ್ತಾರೆ.

ಡಿಸೆಂಬರಿನಿಂದ ಬೇಸಿಗೆ ತನಕ ಬಂದ್ರೆ ಮಟ್ಟು ಗುಳ್ಳ ಹುಡುಕಿ. ಮಲ್ಪೆಯಿಂದ ದಕ್ಷಿಣಕ್ಕೆ ಹೋದ್ರೆ ಕಟಪಾಡಿ ಹತ್ರ ಮಟ್ಟು ಅಂತ ಊರು, ಒಂದು ಕಡೆ ಹೊಳೆ ಒಂದು ಕಡೆ ಸಮುದ್ರ, ಆ ಮಣ್ಣಲ್ಲಿ ಮಾತ್ರ ಬೆಳೆಯುವ ಬದನೆ ಅದು. ಉರುಟಾಗಿ ಹಸಿರು, ಮೇಲೆ ಬಿಳಿ ಗೆರೆ, ತೊಟ್ಟಲ್ಲಿ ಮುಳ್ಳು. ಸಿಪ್ಪೆ ತೆಳು, ಬೆಂದ್ರೆ ಬೆಣ್ಣೆ ಹಾಗೆ ಕರಗ್ತದೆ. ಸೋದೆ ಮಠದ ವಾದಿರಾಜರು ಬೀಜ ಕೊಟ್ಟದ್ದು ಅಂತ ಕತೆ, 2011ರಲ್ಲಿ ಜಿಐ ಟ್ಯಾಗೂ, ಅಂದ್ರೆ ಇದು ಈ ಊರಿನದ್ದೇ ಅನ್ನುವ ಸರ್ಕಾರಿ ಗುರುತೂ ಸಿಕ್ಕಿದೆ, ಹಾಗಾಗಿ ಮಾರ್ಕೆಟಲ್ಲಿ ಬೇರೆ ಹಸಿರು ಬದನೆಯನ್ನ ಗುಳ್ಳ ಅಂತ ಮಾರುವವರೂ ಇದ್ದಾರೆ, ತೊಟ್ಟಿನ ಮುಳ್ಳು ನೋಡಿ. ಗುಳ್ಳದ ಹುಳಿ, ಗುಳ್ಳದ ಪೋಡಿ ಅಂದ್ರೆ ಬಜ್ಜಿ, ಕೆಂಡದಲ್ಲಿ ಸುಟ್ಟು ಮಾಡುವ ಗೊಜ್ಜು, ಇದರಲ್ಲಿ ಯಾವ್ದು ಸಿಕ್ಕಿದ್ರೂ ಬಿಡ್ಬೇಡಿ.

ಒಂದು ಮಧ್ಯಾಹ್ನ ಕೃಷ್ಣ ಮಠದಲ್ಲಿ ಪ್ರಸಾದದ ಊಟ ಮಾಡಿ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆಗೆ ಅಷ್ಟು ರುಚಿ ಎಲ್ಲಿಂದ ಬಂತು ಅಂತ ನೀವು ಮನೆಗೆ ಹೋಗಿಯೂ ಯೋಚನೆ ಮಾಡ್ತೀರಿ. ನನ್ನ ಲೆಕ್ಕದಲ್ಲಿ ಉತ್ತರ ತೆಂಗಿನೆಣ್ಣೆ ಮತ್ತೆ ಬ್ಯಾಡಗಿ ಮೆಣಸು. ಸಾರಿನ ಪುಡಿಯನ್ನ ತೆಂಗಿನೆಣ್ಣೆಯಲ್ಲಿ ಹುರಿದು ಮಾಡ್ತಾರೆ, ಮತ್ತೆ ಒಂದು ಚೂರು ಬೆಲ್ಲ. ಇನ್ನು ಮೂಡೆ. ಇಡ್ಲಿ ಹಿಟ್ಟೇ, ಆದ್ರೆ ಕೇದಗೆ ಎಲೆಯನ್ನ ಸುತ್ತಿ ಕೊಳವೆ ಹಾಗೆ ಮಾಡಿ ಅದರೊಳಗೆ ಹೊಯ್ದು ಬೇಯಿಸ್ತಾರೆ, ಎಲೆ ಬಿಚ್ಚುವಾಗ ಬರುವ ಪರಿಮಳಕ್ಕೆ ಅರ್ಧ ಹೊಟ್ಟೆ ತುಂಬ್ತದೆ. ಹಲಸಿನ ಎಲೆಯ ಕೊಟ್ಟೆಯಲ್ಲಿ ಮಾಡಿದ್ರೆ ಅದು ಕೊಟ್ಟೆ ಕಡುಬು, ಅದರ ಪರಿಮಳವೇ ಬೇರೆ.

ಒಂದು ಎಚ್ಚರಿಕೆ ಮಾತ್ರ. ಬೀಚಿನ ಸಣ್ಣ ಗೂಡಂಗಡಿಗಳಲ್ಲಿ ಒಂದೇ ಕಾವಲಿ, ಒಂದೇ ಬಾಣಲೆ ಎಣ್ಣೆ ಇರಬಹುದು. ಬಜ್ಜಿ ಹೇಳುವ ಮುಂಚೆ ಕೇಳಿ, ಕೇಳಿದ್ರೆ ಯಾರೂ ಬೇಜಾರು ಮಾಡ್ಕೊಳ್ಳೋದಿಲ್ಲ. ನಿಮಗೆ ಮನಸ್ಸು ಒಪ್ಪದಿದ್ರೆ ಅಲ್ಲಿ ಬರೀ ಬೊಂಡ, ಪುನರ್ಪುಳಿ (ಕೋಕಂ) ಶರಬತ್ತು, ಉಪ್ಪು ಖಾರ ಹಾಕಿದ ಮಾವಿನಕಾಯಿ. ಯಜಮಾನ್ರು ಮೀನು ತಿನ್ಲಿ, ನೀವು ಸಮುದ್ರ ನೋಡಿ.

ಜೂನ್ ಕೊನೆ ವೀಕೆಂಡಿಗೆ ಆಫೀಸಿನ ಗ್ಯಾಂಗ್ ಮಲ್ಪೆ ಪ್ಲಾನ್ ಮಾಡ್ತಿದೀವಿ, ಮಳೆಗಾಲದಲ್ಲಿ ರೂಮ್ ಚೀಪಾಗಿ ಸಿಗತ್ತಂತೆ. ಫ್ರೆಶ್ ಫಿಶ್ ಸಿಗತ್ತಾ? ಸೇಂಟ್ ಮೇರಿಸ್ ಐಲ್ಯಾಂಡಿಗೆ ಬೋಟ್ ಇರತ್ತಾ?
(ಓದುಗರು, ಬೆಂಗಳೂರು)

ರೂಮ್ ಯಾಕೆ ಚೀಪ್ ಅಂತ ಒಂದ್ಸಲ ಯೋಚನೆ ಮಾಡಿ ನೋಡಿ. ಬೋಟ್ ಇಲ್ಲ. ಸಮುದ್ರಕ್ಕೆ ಇಳಿಯೋದಕ್ಕೂ ಬಿಡೋದಿಲ್ಲ, ಬಿಟ್ರೂ ಇಳೀಬಾರ್ದು, ಜೂನಿನ ಅರಬ್ಬಿ ಸಮುದ್ರ ತಮಾಷೆ ಅಲ್ಲ. ಪ್ರತಿ ವರ್ಷ ಯಾರೋ ಒಬ್ಬ ಸೆಲ್ಫಿ ವೀರ ಕಾವಲಿನವರ ಮಾತು ಕೇಳದೆ ಹೋಗ್ತಾನೆ, ಅವರ ಮನೆಯವರ ಗತಿ ಯೋಚನೆ ಮಾಡಿದ್ರೆ ಹೊಟ್ಟೆ ತೊಳಸ್ತದೆ.

ಮೀನಿನ ವಿಷ್ಯ ಹೇಳ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಹೋಗೋ ಹಾಗಿಲ್ಲ. ಮೀನು ಮರಿ ಹಾಕುವ ಕಾಲ, ಅದಕ್ಕೆ ಸರ್ಕಾರದ ನಿಷೇಧ. ಮಲ್ಪೆ ಬಂದರಲ್ಲಿ ಆ ಎರಡು ತಿಂಗಳು ಬೋಟುಗಳು ಒಂದಕ್ಕೊಂದು ತಾಗಿ ಸಾಲು ಸಾಲು ನಿಂತಿರ್ತವೆ, ಬಲೆ ಹೆಣೆಯೋದು ಪೇಂಟ್ ಹೊಡೆಯೋದು ನಡೀತದೆ. ನಾಡದೋಣಿಯವರು ಮಾತ್ರ ಸಮುದ್ರ ಸ್ವಲ್ಪ ತಣ್ಣಗಾದ ದಿನ ಹೋಗಿ ಬರ್ತಾರೆ, ಅವರು ತಂದದ್ದು ಅಪ್ಪಟ ಫ್ರೆಶ್, ಆದ್ರೆ ಎಷ್ಟು ಬರ್ತದೆ ಯಾವಾಗ ಬರ್ತದೆ ದೇವರಿಗೇ ಗೊತ್ತು. ಹಾಗಾದ್ರೆ ಹೋಟ್ಲಲ್ಲಿ ಪ್ಲೇಟಿಗೆ ಬರುವ ಅಂಜಲ್ ಎಲ್ಲಿಂದ? ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದ ತನಕ, ಅಲ್ಲಿ ಮುಗಿಯುವಾಗ ಇಲ್ಲಿ ನಡೀತಿರ್ತದೆ, ಹಾಗಾಗಿ ಐಸಲ್ಲಿ ಕೂತು ಲಾರಿಯಲ್ಲಿ ಬರ್ತದೆ. ಇಲ್ಲದಿದ್ರೆ ಸ್ಟಾಕ್ ಇಟ್ಟದ್ದು. ಕೆಟ್ಟದ್ದು ಅಂತ ಅಲ್ಲ, ಆದ್ರೆ ಬೆಂಗಳೂರಿನಿಂದ ನಾನೂರು ಕಿಲೋಮೀಟರ್ ಬಂದು ಅದನ್ನೇ ತಿನ್ನೋದಾದ್ರೆ ನಿಮ್ಮ ಏರಿಯಾದ ಹೋಟ್ಲೇ ಸಾಕಲ್ಲ.

ಆದ್ರೂ ಬರ್ತೇವೆ ಅಂತೀರಾ, ಬನ್ನಿ, ಮಳೆಗಾಲದ ಊಟವೇ ಬೇರೆ ಉಂಟು ನಮ್ಮಲ್ಲಿ. ಕೆಸುವಿನ ಎಲೆಗೆ ಅಕ್ಕಿ ಹಿಟ್ಟು ಮಸಾಲೆ ಹಚ್ಚಿ ಸುತ್ತಿ ಬೇಯಿಸಿದ ಪತ್ರೊಡೆ, ಕಣಿಲೆ ಅಂದ್ರೆ ಎಳೆ ಬಿದಿರು, ತಜಂಕ್ ಸೊಪ್ಪಿನ ಅಂಬಡೆ ಅಂದ್ರೆ ವಡೆ, ತಿಮರೆ ಚಟ್ನಿ, ಅಂದ್ರೆ ನಿಮ್ಮ ಒಂದೆಲಗ. ಹಲಸಿನ ಹಪ್ಪಳ ಸುಟ್ಟು ಅದರ ಜೊತೆ ಕಾಯಿ ಚೂರು. ಹೊರಗೆ ಧೋ ಅಂತ ಸುರೀತಿರುವಾಗ ಕುಚ್ಚಲಕ್ಕಿ ಗಂಜಿ, ಒಣ ಸಿಗಡಿ ಚಟ್ನಿ. ಇದೆಲ್ಲ ಹೋಟ್ಲಲ್ಲಿ ಕಮ್ಮಿ, ಹೋಮ್‌ಸ್ಟೇ ಮಾಡಿ, ಮನೆಯವರ ಹತ್ರ ಮುಂಚೆ ಹೇಳಿ ಮಾಡಿಸ್ಕೊಳ್ಳಿ. ಮೀನೇ ಬೇಕು ಅಂದ್ರೆ ಆಗಸ್ಟ್ ಎರಡನೇ ವಾರ ದಾಟ್ಲಿ. ನೂಲ ಹುಣ್ಣಿಮೆ ಹೊತ್ತಿಗೆ ಮೊಗವೀರರು ಸಮುದ್ರ ಪೂಜೆ ಮಾಡಿ ಹಾಲು ತೆಂಗಿನಕಾಯಿ ಅರ್ಪಿಸ್ತಾರೆ, ಆಮೇಲೆ ಬೋಟುಗಳು ಒಂದೊಂದೇ ಹೊರಡ್ತವೆ. ಆ ಹೊತ್ತಿಗೆ ಮಲ್ಪೆಯಲ್ಲಿ ಎಲ್ಲರ ಮುಖದಲ್ಲೂ ಬೇರೆಯೇ ಕಳೆ.

ನಾವು ಜ್ವಾಳದ ರೊಟ್ಟಿ ಮಂದಿರಿ. ಮೂರ್ ಹೊತ್ತೂ ಅನ್ನ ಉಂಡ್ರ ಹೊಟ್ಟಿ ತುಂಬಂಗಿಲ್ಲ. ಕೋರಿ ರೊಟ್ಟಿ ಅಂತ ಏನೋ ಸಿಗತದಂತಲ್ರಿ, ಅದು ನಮ್ ರೊಟ್ಟಿ ಹಂಗ ಇರತದೇನು?
(ಓದುಗರು, ಕಲಬುರಗಿ)

ಇಲ್ರಿ. ಅದೂ ಅಕ್ಕಿಯದ್ದೇ! ಪೇಪರ್ ಹಾಗೆ ತೆಳ್ಳಗೆ, ಕೈಯಲ್ಲಿ ಹಿಡಿದ್ರೆ ಚೂರಾಗುವ ಒಣ ರೊಟ್ಟಿ, ಕೋರಿ ಅಂದ್ರೆ ಕೋಳಿ. ಮುರಿದು ಅದ್ದಿ ತಿನ್ನೋದಲ್ಲ, ಪ್ಲೇಟಲ್ಲಿ ಪುಡಿ ಮಾಡಿ ಮೇಲಿಂದ ಕೋಳಿ ಸಾರು ಧಾರಾಳ ಸುರಿದು, ಕೆಳಗಿನದ್ದು ನೆಂದು ಮೇಲಿನದ್ದು ಇನ್ನೂ ಕರುಂಕುರುಂ ಅನ್ನುವ ಹೊತ್ತಿಗೆ ಬೇಗ ಬೇಗ ತಿನ್ಬೇಕು. ಎರಡು ನಿಮಿಷ ಫೋನಲ್ಲಿ ಮಾತಾಡಿದ್ರೆ ಮುದ್ದೆ ಆಗ್ತದೆ. ಖಾರ ನಿಮಗೆ ಸಪ್ಪೆ ಅನ್ನಿಸಬಹುದು, ಬ್ಯಾಡಗಿಯ ಬಣ್ಣ ನೋಡಿ ಹೆದರ್ಬೇಡಿ, ತೆಂಗಿನಕಾಯಿ ಎಲ್ಲ ತಣ್ಣಗೆ ಮಾಡಿರ್ತದೆ. ಹೊಟ್ಟೆ ತುಂಬ್ಲಿಲ್ಲ ಅಂದ್ರೆ ಬುತ್ತಿಯಲ್ಲಿ ನಾಲ್ಕು ರೊಟ್ಟಿ ಕಟ್ಕೊಂಡು ಬನ್ನಿ, ಬೂತಾಯಿ ಪುಳಿಮುಂಚಿ ಜೊತೆ ಕಟಕ್ ಜೋಳದ ರೊಟ್ಟಿ ನಾನೇ ತಿಂದು ನೋಡಿದ್ದೇನೆ, ಅದ್ಭುತ ಜೋಡಿ, ಇಲ್ಲಿಯವರಿಗೆ ಗೊತ್ತೇ ಇಲ್ಲ.

ಬೀಚ್ ಹತ್ರ ಒಂದು ಹೋಟ್ಲಲ್ಲಿ ಮೂರು ಜನ ಊಟ ಮಾಡಿ ಒಂದು ಪಾಂಪ್ಲೆಟ್ ಫ್ರೈ ಹೇಳಿದ್ವಿ, ಬಿಲ್ಲಲ್ಲಿ ಮೂರು ಊಟಕ್ಕಿಂತ ಆ ಒಂದು ಮೀನಿನ ರೇಟೇ ಜಾಸ್ತಿ. ಕೇಳಿದ್ರೆ ಸೈಜ್ ಪ್ರಕಾರ ಅಂದ. ಇದು ಮೋಸ ಅಲ್ವಾ?
(ಓದುಗರು, ತುಮಕೂರು)

ಮೋಸ ಅಂತ ಹೇಳ್ಲಿಕ್ಕೆ ಆಗೋದಿಲ್ಲ, ಹೇಳದೆ ಇದ್ದದ್ದು ತಪ್ಪು. ದೊಡ್ಡ ಮೀನು, ಅಂದ್ರೆ ಪಾಂಪ್ಲೆಟ್, ಅಂಜಲ್, ಕಾಣೆ, ದೊಡ್ಡ ಏಡಿ, ಇವಕ್ಕೆಲ್ಲ ಕಾರ್ಡಲ್ಲಿ ರೇಟ್ ಇರೋದಿಲ್ಲ, ಇದ್ರೂ "ಸೈಜ್ ಪ್ರಕಾರ" ಅಂತ ಬರ್ದಿರ್ತಾರೆ, ಯಾಕಂದ್ರೆ ಬಂದರಲ್ಲಿ ಏಲಂ ರೇಟು ದಿನಾ ಏರಿಳೀತದೆ, ಹಬ್ಬ ರಜೆ ವೀಕೆಂಡ್ ಬಂದ್ರೆ ಕೇಳೋದೇ ಬೇಡ. ಮುಂದಿನ ಸಲ ಮಸಾಲೆ ಹಚ್ಚಿದ ಮೀನು ಇಟ್ಟ ಟ್ರೇ ತರಿಸಿ, ಬೆರಳು ತೋರಿಸಿ "ಇದು ಎಷ್ಟು" ಅಂತ ಕೇಳಿ, ಆಮೇಲೆ ಹೂಂ ಅನ್ನಿ. ಇದರಲ್ಲಿ ನಾಚಿಕೆ ಏನೂ ಇಲ್ಲ, ಊರವರೇ ಕೇಳ್ತಾರೆ. ಹೆಂಡ್ತಿ ಮಕ್ಕಳ ಎದುರು ರೇಟ್ ಕೇಳೋದು ಮರ್ಯಾದೆ ಅಲ್ಲ ಅಂತ ಸುಮ್ನೆ ಕೂತು ಕೊನೆಗೆ ಬಿಲ್ ನೋಡಿ ಮುಖ ಕಪ್ಪು ಮಾಡುವವರನ್ನ ನಾನು ಸುಮಾರು ನೋಡಿದ್ದೇನೆ, ನಾನೂ ಒಂದ್ಸಲ ಆ ಲಿಸ್ಟಲ್ಲಿ ಇದ್ದೆ.

ಮೀನಿನ ಮುಳ್ಳು ಅಂದ್ರೆ ಭಯ. ಚಿಕ್ಕವನಿದ್ದಾಗ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಏನು ತಿನ್ಲಿ?
(ಓದುಗರು, ಹಾಸನ)

ಅಂಜಲ್ ತುಂಡು, ನಡುವೆ ಒಂದೇ ಮುಳ್ಳು. ಇಲ್ಲಾಂದ್ರೆ ಬೊಂಡಾಸ್ (ಸ್ಕ್ವಿಡ್) ಅಥವಾ ಸಿಗಡಿ, ಮುಳ್ಳೇ ಇಲ್ಲ. ಬೂತಾಯಿ ಬಂಗುಡೆ ಎರಡನೇ ಟ್ರಿಪ್ಪಿಗೆ ಇಡಿ, ಅದೂ ಜೊತೆಗೆ ಊರಿನವರು ಯಾರಾದ್ರೂ ಇದ್ರೆ. ನಮ್ಮಲ್ಲಿ ಐದು ವರ್ಷದ ಮಕ್ಕಳು ಬಾಯಿಯೊಳಗೇ ಮುಳ್ಳು ಬೇರೆ ಮಾಡಿ ಹೊರಗೆ ಹಾಕ್ತಾವೆ, ಅದು ಹೇಗೆ ಅಂತ ವಿವರಿಸ್ಲಿಕ್ಕೆ ನಂಗೂ ಬರೋದಿಲ್ಲ.

ನನ್ನ ಮಗಳಿಗೆ ಸಿಗಡಿ ತಿಂದ್ರೆ ಮೈಯೆಲ್ಲ ದದ್ದು ಬರುತ್ತೆ, ಒಮ್ಮೆ ತುಟಿನೂ ಊದಿತ್ತು. ಮೀನು ಮಾತ್ರ ಕೊಟ್ರೆ ನಡೆಯುತ್ತಾ?
(ಓದುಗರು, ಚಿತ್ರದುರ್ಗ)

ಇದಕ್ಕೆ ತಮಾಷೆ ಉತ್ತರ ಇಲ್ಲ. ತುಟಿ ಊದಿದೆ ಅಂದ್ರೆ ಹೊರಡುವ ಮುಂಚೆ ಡಾಕ್ಟರ್ ಹತ್ರ ಮಾತಾಡಿ, ಯಾವ ಔಷಧಿ ಜೊತೆಗೆ ಇರ್ಬೇಕು ಅಂತ ಅವರೇ ಹೇಳ್ಬೇಕು. ಸಿಗಡಿ ಆಗದವರಿಗೆ ಏಡಿಯೂ ಆಗದೆ ಇರುವ ಸಾಧ್ಯತೆ ಜಾಸ್ತಿ. ಮೀನು ಬೇರೆ ಜಾತಿ, ತುಂಬ ಜನಕ್ಕೆ ಏನೂ ಆಗೋದಿಲ್ಲ, ಆದ್ರೆ ಮೀನಿನ ಹೋಟ್ಲಲ್ಲಿ ಸಿಗಡಿ ಹುರಿದ ಕಾವಲಿ ಮೇಲೇ ಬಂಗುಡೆ ಬರ್ತದೆ, ಅದೇ ಎಣ್ಣೆ ಅದೇ ಸೌಟು. ಇನ್ನೊಂದು ಗೊತ್ತಿರ್ಲಿ, ಎಟ್ಟಿ ಅಂದ್ರೂ ಸಿಗಡಿಯೇ, ತುಳು ಹೆಸರು, ಡೆಂಜಿ ಅಂದ್ರೆ ಏಡಿ, ಮರುವಾಯಿ ಅಂದ್ರೆ ಚಿಪ್ಪು. ಚಟ್ನಿಯಲ್ಲಿ, ತರಕಾರಿ ಪಲ್ಯದಲ್ಲಿ ಕೂಡ ಒಣ ಸಿಗಡಿ ಹಾಕುವ ಕ್ರಮ ಉಂಟು. ಕೇಳಿಯೇ ಕೊಡಿ. ಬಾಯಿ ಊದಿ ಉಸಿರಾಟಕ್ಕೆ ಕಷ್ಟ ಆದ್ರೆ ಮನೆಮದ್ದು ಅಂತ ಕೂರ್ಬೇಡಿ, ನೇರ ಆಸ್ಪತ್ರೆ.

ಬರುವಾಗ ಮೀನು ತಗೊಂಡ್ ಮನಿಗೆ ತರಾಕ ಬರತೈತೇನ್ರಿ? ಫ್ರೆಶ್ ಐತೋ ಇಲ್ಲೋ ಅಂತ ಹೆಂಗ್ ಗೊತ್ತಾಗ್ಬೇಕು?
(ಓದುಗರು, ಹುಬ್ಬಳ್ಳಿ)

ತರಬಹುದು, ಆದ್ರೆ ಬಸ್ಸಲ್ಲಿ ತಂದ್ರೆ ಹುಬ್ಬಳ್ಳಿ ಮುಟ್ಟುವ ತನಕ ಪಕ್ಕದ ಸೀಟಿನವರ ಶಾಪ ನಿಮ್ಮ ತಲೆ ಮೇಲೆ. ಸ್ವಂತ ಗಾಡಿ ಇದ್ರೆ ಥರ್ಮೋಕೋಲ್ ಬಾಕ್ಸ್, ಕೆಳಗೆ ಐಸ್ ಮೇಲೆ ಐಸ್ ನಡುವೆ ಮೀನು, ಟೇಪ್ ಸುತ್ತಿ. ಹೊಟ್ಟೆಯೊಳಗಿನದ್ದು ತೆಗೆಸಿಯೇ ತನ್ನಿ, ಮೊದಲು ಕೆಡೋದು ಅಲ್ಲಿಂದ.

ಬಂದರಿಗೆ ಬೆಳಕು ಹರಿಯುವ ಹೊತ್ತಿಗೆ ಹೋಗಿ, ನೆಲ ಜಾರ್ತದೆ, ಹಳೇ ಚಪ್ಪಲಿ ಹಾಕಿ. ಬೋಟಿಂದ ಬುಟ್ಟಿ ಬುಟ್ಟಿ ಇಳಿಸಿ ಏಲಂ ಕೂಗ್ತಾರೆ, ಎಲ್ಲ ಗಡಿಬಿಡಿ, ನಡುವೆ ನಿಂತು ರೀಲ್ಸ್ ಮಾಡ್ಬೇಡಿ, ಬುಟ್ಟಿ ಹೊತ್ತವರಿಗೆ ನಿಲ್ಲಲಿಕ್ಕೆ ಬ್ರೇಕ್ ಇಲ್ಲ. ಅಲ್ಲಿ ಏಲಂ ಎಲ್ಲ ದೊಡ್ಡ ಲೆಕ್ಕದ್ದು, ನಿಮಗೆ ಎರಡು ಕಿಲೋ ಬೇಕಾದ್ರೆ ಕೂತು ಮಾರುವ ಹೆಂಗಸರ ಹತ್ರ ಹೋಗಿ. ಅಕ್ಕಾ ಅಂತ ಕರೀರಿ, "ಇನಿ ದಾದ ಉಂಡು" ಅಂತ ತುಳುವಲ್ಲಿ ಒಂದು ಮಾತು ಬಿಡಿ, ಇವತ್ತು ಏನುಂಟು ಅಂತ ಅರ್ಥ. ರೇಟ್ ಕಮ್ಮಿ ಆಗ್ತದೆ ಅಂತ ಅಲ್ಲ, ನಗಾಡ್ಕೊಂಡು ಒಳ್ಳೇದು ಆರಿಸಿ ಕೊಡ್ತಾರೆ. ಕಿವಿರು ಎತ್ತಿ ನೋಡಿ, ಕೆಂಪಗೆ ಇರ್ಬೇಕು, ಕಂದು ಆಗಿದ್ರೆ ಬಿಡಿ. ಕಣ್ಣು ಉಬ್ಬಿ ಹೊಳೀಬೇಕು, ಒಳಗೆ ಹೋಗಿ ಮಂಜಾಗಿದ್ರೆ ಹಳೇದು. ಬೆರಳಲ್ಲಿ ಒತ್ತಿದ್ರೆ ಗುಳಿ ನಿಲ್ಲಬಾರ್ದು. ಬಂಗುಡೆ ಬೂತಾಯಿ ಬೇಗ ಕೆಡುವ ಜಾತಿ, ಐಸಿಲ್ಲದೆ ಬಿಸಿಲಲ್ಲಿ ಇಟ್ಟ ಬಂಗುಡೆ ತಿಂದ್ರೆ ಮುಖ ಕೆಂಪಾಗಿ ತುರಿಕೆ ತಲೆನೋವು ಬರ್ತದೆ, ಜನ ಅದನ್ನ ಅಲರ್ಜಿ ಅಂತಾರೆ, ಅದು ಮೀನು ಹಾಳಾಗುವಾಗ ಹುಟ್ಟುವ ವಿಷ, ಬೇಯಿಸಿದ್ರೂ ಹೋಗೋದಿಲ್ಲ.

ನನ್ನ ಕೇಳಿದ್ರೆ ಹುಬ್ಬಳ್ಳಿಗೆ ಒಣಮೀನು ಸಾಕ್ರಿ. ಒಣ ಸಿಗಡಿ, ಒಣ ನಂಗು ಮೀನು, ಉಪ್ಪು ಹಾಕಿದ ಬಂಗುಡೆ. ಚೆನ್ನಾಗಿ ಒಣಗಿದ್ದು ನೋಡಿ ತಗೊಳ್ಳಿ, ಮೂರು ಕವರ್ ಹಾಕಿ ಡಬ್ಬಿಯಲ್ಲಿ ಮುಚ್ಚಿ, ಡಿಕ್ಕಿಯಲ್ಲಿಡಿ. ಮಳೆಗಾಲದಲ್ಲಿ ನನ್ನ ನೆನಪು ಮಾಡ್ಕೊಳ್ತೀರಿ.

ಸೇಂಟ್ ಮೇರಿಸ್ ಐಲ್ಯಾಂಡಲ್ಲಿ ಊಟ ಸಿಗುತ್ತಾ? ಇಡೀ ದಿನ ಅಲ್ಲೇ ಇರಬಹುದಾ?
(ಓದುಗರು, ಬಳ್ಳಾರಿ)

ಊಟ ಅಂತ ನಂಬ್ಕೊಂಡು ಹೋಗ್ಬೇಡಿ, ತಿಂಡಿ ಮುಗಿಸಿ ನೀರು ಹಿಡ್ಕೊಂಡು ಹೋಗಿ, ಖಾಲಿ ಬಾಟ್ಲಿ ವಾಪಸ್ ತನ್ನಿ. ನೆರಳು ಕಮ್ಮಿ, ಎರಡು ಗಂಟೆ ಸಾಕಾಗ್ತದೆ, ರಾತ್ರಿ ಉಳಿಯಲಿಕ್ಕೆ ಇಲ್ಲ. ನಮ್ಮ ಹಳಬರು ಅದಕ್ಕೆ ತೋನ್ಸೆಪಾರ್ ಅಂತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿ ಹೆಸರಿಟ್ಟ ಅಂತ ಕತೆ. ಅದಕ್ಕಿಂತ ನೋಡ್ಬೇಕಾದ್ದು ಆ ಕಲ್ಲಿನ ಕಂಬಗಳನ್ನ. ಸುಮಾರು 8.8 ಕೋಟಿ ವರ್ಷ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆ ಆಗುವ ಕಾಲದಲ್ಲಿ ಉಕ್ಕಿದ ಲಾವಾ, ತಣ್ಣಗಾಗುವಾಗ ಕುಗ್ಗಿ ಸೀಳಿ ಐದು ಮೂಲೆ ಆರು ಮೂಲೆಯ ಕಂಬಗಳಾಗಿ ನಿಂತದ್ದು, ಯಾರೋ ಕೆತ್ತಿ ಜೋಡಿಸಿದ ಹಾಗೆ ಕಾಣ್ತದೆ. ಬೋಟು ಹತ್ತುವ ಮುಂಚೆ ಫಿಶ್ ಊಟ ಬೇಡ, ವಾಪಸ್ ಬಂದ ಮೇಲೆ. ಒಂದ್ಸಲ ನನ್ನ ಪಕ್ಕದಲ್ಲಿ ಕೂತವರು ಮಾಡಿದ್ದನ್ನ ಇಲ್ಲಿ ಬರೀಲಿಕ್ಕೆ ಆಗೋದಿಲ್ಲ.

ಕಳೆದ ಸಂಚಿಕೆಯಲ್ಲಿ ನೀವು ಬಂಗುಡೆ ಪುಳಿಮುಂಚಿಗೆ ತೆಂಗಿನಕಾಯಿ ರುಬ್ಬಿ ಹಾಕ್ತಾರೆ ಅಂತ ಬರ್ದಿದ್ದೀರಿ. ನಾನು ಮದುವೆಯಾಗಿ ಮುಂಬೈಗೆ ಬಂದು ನಲವತ್ತು ವರ್ಷ ಆಯ್ತು, ಹುಟ್ಟಿದ್ದು ಮಲ್ಪೆ ಪಕ್ಕ. ಯಾವ ಊರಿನ ಪುಳಿಮುಂಚಿ ಮಾರಾಯ್ರೆ ಅದು? ಬರೆಯುವ ಮುಂಚೆ ಮನೆಯಲ್ಲಿ ಕೇಳ್ಬಾರ್ದಾ?
(ಓದುಗರು, ಮುಂಬೈ)

ತಪ್ಪು ನಂದೇ ಅಮ್ಮ. ಗಸಿ ಬಗ್ಗೆ ಬರೀಲಿಕ್ಕೆ ಕೂತವ ನಡುವೆ ಪುಳಿಮುಂಚಿಗೆ ಹೋಗಿ ಎರಡನ್ನೂ ಒಂದೇ ಪಾತ್ರೆಗೆ ಹಾಕಿಬಿಟ್ಟೆ. ಗಸಿಗೆ ಕಾಯಿ, ಪುಳಿಮುಂಚಿಗೆ ಕಾಯಿ ಇಲ್ಲ. ನಿಮ್ಮ ಪತ್ರ ಬಂದ ದಿನವೇ ಮನೆಯಲ್ಲೂ ಕೇಳಿದೆ, ಅಲ್ಲಿ ನಿಮಗಿಂತ ಜಾಸ್ತಿ ಬೈಗುಳ ಸಿಕ್ಕಿತು.

ಉಳಿದವರಿಗಾಗಿ ಸರಿಯಾದದ್ದು ಬರೀತೇನೆ. ಆರು ಬಂಗುಡೆಗೆ ಹದಿನೈದು ಬ್ಯಾಡಗಿ ಮೆಣಸು, ಖಾರ ಬೇಕಾದವರು ಎರಡು ಗುಂಟೂರು ಸೇರಿಸಿ, ಒಂದು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಹತ್ತು ಕಾಳು ಮೆಂತೆ, ಹತ್ತು ಕಾಳುಮೆಣಸು, ಇಷ್ಟನ್ನ ಸಣ್ಣ ಉರಿಯಲ್ಲಿ ಹುರಿದು ನಿಂಬೆ ಗಾತ್ರದ ಹುಣಸೆ, ನಾಲ್ಕು ಎಸಳು ಬೆಳ್ಳುಳ್ಳಿ, ಅರಿಶಿನ ಹಾಕಿ ನುಣ್ಣಗೆ ರುಬ್ಬೋದು. ಮಣ್ಣಿನ ಪಾತ್ರೆ ಇದ್ರೆ ಅದರಲ್ಲಿ ಈ ಮಸಾಲೆ, ಸ್ವಲ್ಪ ನೀರು, ಹೆಚ್ಚಿದ ಈರುಳ್ಳಿ ಶುಂಠಿ ಹಸಿಮೆಣಸು ಉಪ್ಪು ಹಾಕಿ ಹಸಿ ವಾಸನೆ ಹೋಗುವ ತನಕ ಕುದಿಸಿ ಆಮೇಲೆ ಮೀನು. ಮೀನು ಹಾಕಿದ ಮೇಲೆ ಸೌಟು ಹಾಕಬಾರ್ದು, ಮುರೀತದೆ, ಪಾತ್ರೆಯನ್ನೇ ಬಟ್ಟೆಯಲ್ಲಿ ಹಿಡಿದು ಒಂದು ಸುತ್ತು ತಿರುಗಿಸ್ಬೇಕು. ಏಳೆಂಟು ನಿಮಿಷ ಸಾಕು. ಕೊನೆಗೆ ಹಸಿ ತೆಂಗಿನೆಣ್ಣೆ ಒಂದು ಚಮಚ, ಕರಿಬೇವು, ಮುಚ್ಚಳ. ಅವತ್ತು ರಾತ್ರಿ ಚೆನ್ನಾಗಿರ್ತದೆ, ಮರುದಿನ ಬೆಳಿಗ್ಗೆ ನೀರ್ ದೋಸೆ ಜೊತೆ ಇನ್ನೂ ಚೆನ್ನಾಗಿರ್ತದೆ.

ಮೆಂತೆ ಹತ್ತು ಕಾಳು ಸರಿಯಾ, ಜಾಸ್ತಿ ಆಯ್ತಾ? ನಮ್ಮನೆಯಲ್ಲಿ ಇದರ ಬಗ್ಗೆ ಇನ್ನೂ ಜಗಳ ಮುಗಿದಿಲ್ಲ, ನಿಮ್ಮ ಅಮ್ಮ ಎಷ್ಟು ಹಾಕ್ತಿದ್ರು ಅಂತ ಒಂದು ಕಾರ್ಡ್ ಹಾಕಿ.